ಅರ್ಧಕ್ಕೆ ನಿಂತ ಕ್ರಿಯಾಪದ

ಶನಿವಾರ ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ, ಸಮುದ್ರದ ನಡುವಿನ ಒಂದು ದ್ವೀಪದಿಂದ ಹೆಂಡತಿ ಹೇಳುತ್ತಿದ್ದ ಮಾತು “ಇವತ್ತಿನ ಲಾಂಚಿಗೆ ನಾನು ಬರ್...” ಎನ್ನುವಲ್ಲಿಗೆ ಬಂದಾಗ ಲ್ಯಾಪ್‌ಟಾಪ್ ನಿಂತುಹೋಯಿತು.

ನಿಂತುಹೋಯಿತು ಎಂದರೆ ಆರಿಹೋಗಲಿಲ್ಲ. ಪರದೆಯ ಮೇಲೆ ಅವಳು ಹಾಗೆಯೇ ಇದ್ದಳು. ಬಾಯಿ ಅರ್ಧ ತೆರೆದಿತ್ತು. ಕೂದಲನ್ನು ಕಿವಿಯ ಹಿಂದಕ್ಕೆ ಸರಿಸಲು ಹೊರಟ ಕೈ ಗಾಳಿಯಲ್ಲೇ ಉಳಿದಿತ್ತು. ಮೌಸಿನ ಬಾಣ ಅವಳ ಮೂಗಿನ ತುದಿಗೆ ನೊಣದ ಹಾಗೆ ಅಂಟಿಕೊಂಡಿತ್ತು.

“ಬರ್ ಏನು? ಲೇ, ಬರ್ ಏನೇ?” ಎಂದು ಅವನು ಕೂಗಿದ. ಅವಳು ಬಾಯಿ ಮುಚ್ಚಲೂ ಇಲ್ಲ, ಪೂರ್ತಿ ತೆರೆಯಲೂ ಇಲ್ಲ.

ಅವನು ಅಚ್ಚುಕೂಟದಲ್ಲಿ ಪ್ರೂಫ್ ನೋಡುವವನು. ಇಪ್ಪತ್ತೆರಡು ವರ್ಷಗಳಿಂದ ಬೇರೆಯವರು ಅರ್ಧಕ್ಕೆ ಬಿಟ್ಟ ವಾಕ್ಯಗಳಿಗೆ ದಡ ಕಾಣಿಸುತ್ತಾ ಬಂದವನಾದ್ದರಿಂದ ಅಚ್ಚುಕೂಟದವರೂ ಬೀದಿಯವರೂ ಅವನನ್ನು ಪೂರ್ಣವಿರಾಮ ಎಂದೇ ಕರೆಯುತ್ತಿದ್ದರು. ಹೆಂಡತಿ ಹವಾಮಾನ ಇಲಾಖೆಯವಳು. ದ್ವೀಪದ ಮೇಲಿನ ಕೇಂದ್ರದಲ್ಲಿ ಗಾಳಿಯ ವೇಗವನ್ನೂ ಮಳೆಯ ಅಳತೆಯನ್ನೂ ಬರೆದಿಡಲು ಹೋಗಿ ಎಂಟು ತಿಂಗಳಾಗಿತ್ತು. ಅಲ್ಲಿಗೆ ಫೋನು ಮುಟ್ಟುವುದಿಲ್ಲ. ಶನಿವಾರ ಒಂಬತ್ತರಿಂದ ಹನ್ನೆರಡರವರೆಗೆ ಮಾತ್ರ ಕೇಂದ್ರದ ಕಂಪ್ಯೂಟರಿನಿಂದ ಮನೆಯವರೊಡನೆ ಮಾತಾಡಬಹುದು. ಅದಕ್ಕೆ ಬೇಕಾದ ಸಾಫ್ಟ್‌ವೇರನ್ನು ಇಲಾಖೆಯವರು ಈ ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ ಹಾಕಿ, ಬೀಗ ಜಡಿದಂತೆ ಗುಪ್ತಪದ ಜಡಿದು ಕೊಟ್ಟಿದ್ದರು.

ಲ್ಯಾಪ್‌ಟಾಪಾದರೋ, ವೈರ್‌ಲೆಸ್ ಆಫ್ ಇದ್ದಾಗ ಅದರಷ್ಟು ಸಾಧು ಇನ್ನೊಂದಿಲ್ಲ. ಆನ್ ಮಾಡಿದರೆ ಮಾತ್ರ, ಭಾಷಣಕ್ಕೆಂದು ವೇದಿಕೆ ಹತ್ತಿ ಮೊದಲ ಸಾಲನ್ನೇ ಮರೆತವನ ಹಾಗೆ ಅಲ್ಲಾಡದೆ ನಿಂತುಬಿಡುತ್ತಿತ್ತು. ಮೊದಮೊದಲು ಹತ್ತು ನಿಮಿಷ ತಡೆಯುತ್ತಿತ್ತು. ಈಗ ನಾಲ್ಕಕ್ಕೆ ಇಳಿದಿತ್ತು.

ದ್ವೀಪದಿಂದ ಲಾಂಚ್, ಎಂದರೆ ಮೋಟಾರು ದೋಣಿ, ಬರುವುದು ಎರಡು ತಿಂಗಳಿಗೊಮ್ಮೆ. ಹೋದ ಸಲ ಪೂರ್ಣವಿರಾಮ ಯಾರೂ ಹೇಳದಿದ್ದರೂ ಬಂದರುಕಟ್ಟೆಗೆ ಹೋಗಿ ನಿಂತಿದ್ದ. ಇಳಿಯುವವರೆಲ್ಲ ಇಳಿದು, ಲಾಂಚಿನವರು ಹಲಗೆ ಎಳೆದುಕೊಳ್ಳುವವರೆಗೂ ನಿಂತಿದ್ದು, ಆಮೇಲೆ ಕಟ್ಟೆ ನೋಡಲು ಬಂದವನ ಹಾಗೆ ನಾಲ್ಕು ಹೆಜ್ಜೆ ಅಡ್ಡಾಡಿ ಮನೆಗೆ ಬಂದಿದ್ದ. ಇನ್ನೊಮ್ಮೆ ಹಾಗೆ ಒಬ್ಬನೇ ಹಿಂತಿರುಗುವ ಶಕ್ತಿ ಅವನಿಗಿರಲಿಲ್ಲ. ಇವತ್ತು ಸಂಜೆ ಐದಕ್ಕೆ ಲಾಂಚ್. ಅವಳು ಬರುತ್ತಾಳೋ ಇಲ್ಲವೋ? ಉತ್ತರ ಅವಳ ಬಾಯಲ್ಲೇ ಇತ್ತು, ಅರ್ಧ ಹೊರಗೆ, ಅರ್ಧ ಒಳಗೆ.

“ಏನಣ್ಣಾ, ಬೆಳಿಗ್ಗೆ ಬೆಳಿಗ್ಗೆ ಬರ್ ಬರ್ ಅಂತ ಯಾರನ್ನ ಓಡಿಸ್ತಿದೀರ?” ಪಕ್ಕದ ಮನೆಯ ಟೈಲರಮ್ಮ ತುಟಿಯಲ್ಲಿ ಎರಡು ಗುಂಡುಪಿನ್ನು ಕಚ್ಚಿಕೊಂಡೇ ಒಳಗೆ ಬಂದಳು. ನಡುವಿನ ಗೋಡೆ ತೆಳು. ಅವನ ಸೀನಿಗೂ ಅವಳು ಅಲ್ಲಿಂದಲೇ “ನೂರು ವರ್ಷ” ಎನ್ನುತ್ತಿದ್ದಳು.

ಅವನು ವಿಷಯ ಹೇಳುತ್ತಿರುವಾಗಲೇ ಮೇಲಿನ ಮಹಡಿಯ ನಿವೃತ್ತ ಫಿಸಿಕ್ಸ್ ಮೇಷ್ಟ್ರು ಇಳಿದು ಬಂದರು. ಕೆಳಗೆ ಇಬ್ಬರು ಮಾತಾಡುತ್ತಿದ್ದರೆ ಮೂರನೆಯವರಾಗುವುದು ಅವರ ನಿವೃತ್ತಿಯ ಉದ್ಯೋಗ.

“ಬರ್ ಅಂದ್ಳೋ, ಬರ ಅಂದ್ಳೋ? ಸರಿಯಾಗಿ ಹೇಳಯ್ಯ.”

“ಬರ್ ಅಂತಲೇ ಕೇಳಿಸ್ತು ಮೇಷ್ಟ್ರೇ.”

“ಹಾಗಾದ್ರೆ ಬರ್ತೀನಿ ಅಂತಲೇ. ಬರಲ್ಲ ಅನ್ನೋದಾಗಿದ್ರೆ ‘ಬ’ ಆದ್ಮೇಲೆ ‘ರ’ ಪೂರ್ತಿ ಕೇಳಿಸ್ಬೇಕಿತ್ತು.”

“ಅವಳು ಅವಸರದಲ್ಲಿ ಬರಲ್ಲ ಅನ್ನಲ್ಲ ಮೇಷ್ಟ್ರೇ, ‘ಬರ್ಕಾಗಲ್ಲ’ ಅಂತಾಳೆ.” ಪೂರ್ಣವಿರಾಮನ ದನಿ ಇಳಿಯಿತು. ಎಲ್ಲ ಕ್ರಿಯಾಪದಗಳ ಬಾಲದಲ್ಲೇ ವಿಷವೋ ಬೆಲ್ಲವೋ ಇರುತ್ತದೆಂದು ಅವನಿಗೆ ವೃತ್ತಿಯಿಂದಲೇ ಗೊತ್ತಿತ್ತು. ಹೌದೋ ಅಲ್ಲವೋ ಎಂಬುದನ್ನು ಮೊದಲೇ ಹೇಳಿಬಿಡುವ ಭಾಷೆಯಾಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಮೊದಲ ಬಾರಿಗೆ ಅನ್ನಿಸಿತು.

ಟೈಲರಮ್ಮ ಕೊರಳಲ್ಲಿದ್ದ ಟೇಪು ತೆಗೆದು ಪರದೆಗೆ ಹಿಡಿದಳು. “ಬಾಯಿ ಅಡ್ಡಕ್ಕೆ ಒಂದೂಕಾಲು ಇಂಚು ಇದೆ. ತುಟಿ ಹೀಗೆ ಅಗಲಕ್ಕೆ ಹೋಗಿದ್ರೆ ಮುಂದೆ ‘ತೀ’ ಬರ್ಬೇಕು. ಅಣ್ಣ, ನೀವೊಂದ್ಸಲ ಬರ್ತೀನಿ ಅನ್ನಿ.”

“ಬರ್ತೀನಿ.”

“ಅಲ್ಲಾಡ್ಬೇಡಿ.” ಅವಳು ಅವನ ಬಾಯಿಯನ್ನೂ ಅಳೆದಳು. “ಒಂದೂವರೆ. ನಿಮ್ಮದು ಲೂಸು.”

ಮೇಷ್ಟ್ರಿಗೆ ಅಳತೆಯ ಈ ವಿಧಾನದಲ್ಲಿ ನಂಬಿಕೆ ಇರಲಿಲ್ಲ. “ಇದಕ್ಕೆಲ್ಲ ಒಂದೇ ಮದ್ದು. ಆಫ್ ಮಾಡಿ ಆನ್ ಮಾಡು” ಎಂದು ಬೆರಳು ಚಾಚಿದರು. ಪೂರ್ಣವಿರಾಮ ಸರಕ್ಕನೆ ಪವರ್ ಗುಂಡಿಯ ಮೇಲೆ ಅಂಗೈ ಮುಚ್ಚಿದ.

“ಬೇಡ ಮೇಷ್ಟ್ರೇ.”

“ಯಾಕಯ್ಯ?”

“ಆಫ್ ಮಾಡಿದ್ರೆ ಹೋಗ್ಬಿಡ್ತಾಳೆ.”

ಪ್ರತಿ ಶನಿವಾರ ಅವಳ ಮುಖ ಸಣ್ಣ ಸಣ್ಣ ಚೌಕಗಳಾಗಿ ಒಡೆದು, ಕೂಡಿ, ಮತ್ತೆ ಒಡೆಯುತ್ತಿತ್ತು. ಇಷ್ಟು ನಿಚ್ಚಳವಾಗಿ, ಇಷ್ಟು ಹೊತ್ತು ಅವಳನ್ನು ನೋಡಿ ಎಂಟು ತಿಂಗಳಾಗಿತ್ತು. ಗಾಳಿಗೆ ಕಪ್ಪಾಗಿದ್ದಳು. ಕೆನ್ನೆಯ ಹತ್ತಿರ ಹೊಸದೊಂದು ಗೀರು ಇತ್ತು. ಯಾವಾಗ ಆಯಿತೆಂದು ಅವಳು ಹೇಳಿರಲಿಲ್ಲ. ಟೈಲರಮ್ಮ ಬಾಯಿಂದ ಪಿನ್ನು ತೆಗೆದು ಸೆರಗಿಗೆ ಚುಚ್ಚಿಕೊಂಡಳು. ಮೇಷ್ಟ್ರು ಚಾಚಿದ ಬೆರಳಿನಿಂದ ತಮ್ಮ ಕಿವಿ ಕೆರೆದುಕೊಂಡರು.

ಕೊನೆಗೆ ಲ್ಯಾಪ್‌ಟಾಪನ್ನು ತೆರೆದಂತೆಯೇ ಎತ್ತಿಕೊಂಡು, ಬೀದಿಯ ಕೊನೆಯಲ್ಲಿದ್ದ ರಿಪೇರಿ ಅಂಗಡಿಗೆ ಹೋಗುವುದೆಂದು ತೀರ್ಮಾನವಾಯಿತು. ಅವನು ತುಂಬಿದ ಕೊಡ ಹಿಡಿದವನಂತೆ ನಡೆದ. ಮುಂದೆ ಮೇಷ್ಟ್ರು “ಜಾಗ, ಜಾಗ” ಎನ್ನುತ್ತಾ ಕೊಡೆಯಿಂದ ದಾರಿ ಬಿಡಿಸಿದರು. ಬಿಸಿಲು ಬಿದ್ದರೆ ಮುಖ ಕಾಣುವುದಿಲ್ಲವೆಂದು ಟೈಲರಮ್ಮ ಅರ್ಧ ಹೊಲಿದ ರವಿಕೆಯನ್ನು ಪರದೆಯ ಮೇಲೆ ಹಿಡಿದಳು. ತರಕಾರಿ ಗಾಡಿಯವಳು ಇಣುಕಿ, “ಮನೆಯವರಾ?” ಎಂದು ಕೇಳಿದಳು. ಅವನು ಹೌದೆಂದ. ಅವಳು ಸೌತೆಕಾಯಿ ಹಿಡಿದ ಕೈಯಿಂದಲೇ ಪರದೆಗೆ, “ಚೆನ್ನಾಗಿದೀರಾ ಅಕ್ಕ?” ಎಂದು ಕೇಳಿದಳು. ಎಂಟು ತಿಂಗಳಲ್ಲಿ ಹೆಂಡತಿಯ ಜೊತೆ ಅವನು ಬೀದಿಯಲ್ಲಿ ನಡೆದದ್ದು ಅದೇ ಮೊದಲು.

ಅಂಗಡಿಯವರನ್ನು ಎಲ್ಲರೂ ಡಾಕ್ಟರು ಎನ್ನುತ್ತಿದ್ದರು. ಐವತ್ತು ದಾಟಿದ, ಎರಡು ಕನ್ನಡಕ ಒಟ್ಟಿಗೆ ಹಾಕುವ ಮನುಷ್ಯ. ಅವರು ಪರದೆ ನೋಡಿದರು, ಪೂರ್ಣವಿರಾಮನ ಮುಖ ನೋಡಿದರು, ಗಡಿಯಾರ ನೋಡಿದರು. ಹನ್ನೊಂದಕ್ಕೆ ಹತ್ತು ನಿಮಿಷ ಇತ್ತು.

“ಆಫ್ ಮಾಡ್ದೆ ಆಪರೇಷನ್ ಆಗಲ್ಲ ಸಾರ್. ಬ್ಯಾಟರಿನೂ ಕೊನೆಗೆ ಬಂದಿದೆ. ನಾನು ಮಾಡದಿದ್ರೆ ಅದೇ ಆಗತ್ತೆ.”

“ಫೋಟೋ ತಗೊಂಡ್ಬಿಡೋಣ ಅಣ್ಣ” ಎಂದಳು ಟೈಲರಮ್ಮ. ಮೇಷ್ಟ್ರು ತಮ್ಮ ಫೋನಿನಲ್ಲಿ ಏಳು ಫೋಟೋ ತೆಗೆದರು. ಏಳರಲ್ಲೂ ಹೆಂಡತಿಯ ಹಣೆಯ ಮೇಲೆ ಮೇಷ್ಟ್ರ ಬೋಳುತಲೆ ಹುಣ್ಣಿಮೆಯ ಚಂದ್ರನಂತೆ ಮೂಡಿತ್ತು. ಡಾಕ್ಟರು ಅಂಗಡಿಯ ದೀಪ ಆರಿಸಿದರು, ಬಾಗಿಲನ್ನು ಅರ್ಧ ಎಳೆದರು, ಪರದೆಯನ್ನು ತಮ್ಮ ಅಂಗಿಯ ತುದಿಯಿಂದ ಒರೆಸಿದರು. ಎಂಟನೆಯದು ಚೆನ್ನಾಗಿ ಬಂತು.

“ಆಗ್ಲಿ, ಒತ್ತಿ” ಎಂದು ಪೂರ್ಣವಿರಾಮ ಗೋಡೆಯ ಕಡೆ ತಿರುಗಿ ನಿಂತ.

ಆಮೇಲಿನ ಒಂದು ಗಂಟೆ ಅಂಗಡಿಯಲ್ಲಿ ಯಾರೂ ದೀರ್ಘವಾಗಿ ಉಸಿರಾಡಲಿಲ್ಲ. ಲ್ಯಾಪ್‌ಟಾಪ್ ಎದ್ದಿತು, ವೈರ್‌ಲೆಸ್ ಆನ್ ಮಾಡಿದೊಡನೆ ನಿಂತಿತು. ಮತ್ತೆ ಎದ್ದಿತು, ಮತ್ತೆ ನಿಂತಿತು.

“ತಂತಿ ಚುಚ್ಚಿಬಿಡ್ರಿ, ವೈರ್‌ಲೆಸ್ಸೇ ಬೇಡ” ಎಂದರು ಮೇಷ್ಟ್ರು.

“ಇದಕ್ಕೆ ತಂತಿಯ ತೂತೇ ಇಲ್ಲ ಮೇಷ್ಟ್ರೇ. ತೆಳ್ಳಗೆ ಕಾಣಲಿ ಅಂತ ತೆಗೆದಿದಾರೆ. ಒಳಗಿರೋ ವೈರ್‌ಲೆಸ್ ಕಾರ್ಡು ಹಳೇದು, ಅದನ್ನ ನಡೆಸೋ ಡ್ರೈವರ್ ಅನ್ನೋ ಸಾಫ್ಟ್‌ವೇರು ಹೊಸದು, ತಾನಾಗೇ ಬಂದು ಕೂತಿದೆ. ಎರಡಕ್ಕೂ ಆಗಿಬರ್ತಿಲ್ಲ. ಡ್ರೈವರನ್ನ ತೆಗೀಬೇಕು.”

“ಡ್ರೈವರನ್ನೇ ತೆಗೆದ್ರೆ ಓಡಿಸೋರ್ಯಾರು?”

“ಹಳಬನ್ನ ಕರೆಸ್ತೀನಿ. ನೀವು ಸ್ವಲ್ಪ ಸುಮ್ನಿರಿ, ಪುಣ್ಯ ಬರತ್ತೆ.”

ಹನ್ನೆರಡಕ್ಕೆ ಮೂರು ನಿಮಿಷವಿದ್ದಾಗ ವೈರ್‌ಲೆಸ್ಸಿನ ಗೆರೆಗಳು ಒಂದೊಂದಾಗಿ ಹತ್ತಿಕೊಂಡವು. ಬಾಣ ಅಲ್ಲಾಡುತ್ತಿತ್ತು. ಪೂರ್ಣವಿರಾಮ ಕರೆ ಮಾಡಿದ. ಪರದೆಯ ಮೇಲೆ ದ್ವೀಪದ ಕೇಂದ್ರದ ಅಡುಗೆಯವನು ಕಾಣಿಸಿಕೊಂಡ, ಕೈಯಲ್ಲಿ ಸೌಟಿತ್ತು.

“ಅಕ್ಕಾವ್ರಾ? ಈಗ ತಾನೇ ಲಾಂಚ್ ಹತ್ರ ಓಡಿದ್ರು ಸಾರ್! ಹೊರಟುಬಿಡತ್ತೆ, ತಪ್ಪಿದ್ರೆ ಇನ್ನೆರಡು ತಿಂಗಳು ಅಂತ ಚಪ್ಪಲಿನೂ ಹಾಕ್ಕೊಳ್ದೆ...”

ಗಂಟೆ ಹನ್ನೆರಡಾಯಿತು. ಸಂಪರ್ಕ ತಾನಾಗಿ ಕಡಿದುಹೋಯಿತು.

“ನಾನು ಹೇಳ್ಲಿಲ್ವಾ, ‘ತೀ’ ಅಂತ!” ಟೈಲರಮ್ಮ ಟೇಪನ್ನು ಮೇಲಕ್ಕೆ ಹಾರಿಸಿದಳು. ಡಾಕ್ಟರು ಎರಡೂ ಕನ್ನಡಕ ತೆಗೆದು ಒರೆಸಿದರು. ಪೂರ್ಣವಿರಾಮ ಅಂಗಡಿಯವರ ಸ್ಟೂಲಿನ ಮೇಲೆ ಕುಳಿತು, ಮೇಷ್ಟ್ರ ಫೋನು ಇಸಿದುಕೊಂಡು ಎಂಟನೆಯ ಫೋಟೋ ತೆರೆದ.

ಮಧ್ಯಾಹ್ನವೆಲ್ಲ ಮನೆಯಲ್ಲಿ ಹಬ್ಬದ ಗಡಿಬಿಡಿ. ಟೈಲರಮ್ಮ ಕಿಟಕಿಯ ಪರದೆ ಒಗೆದು ಇಸ್ತ್ರಿ ಮಾಡಿದಳು. ಎಂಟು ತಿಂಗಳಿಂದ ಮಂಚದ ಒಂದೇ ಅಂಚಿನಲ್ಲಿ ಹಾಸಿಗೆ ತಗ್ಗಾಗಿದ್ದನ್ನು ಅವಳು ನೋಡಿದಳು. ಹಾಸಿಗೆಯನ್ನು ತಿರುಗಿಸಿ ಹಾಕಿದಳು. ಮೇಷ್ಟ್ರು ಜೇಡರ ಬಲೆ ತೆಗೆಯಲು ಹೋಗಿ ಗೋಡೆಗಡಿಯಾರ ಬೀಳಿಸಿ, “ಗುರುತ್ವಾಕರ್ಷಣೆ” ಎಂದು ವಿವರಿಸಿದರು.

ಐದಕ್ಕೆ, ಅಂಗಡಿ ಮುಚ್ಚಿ ಬಂದ ಡಾಕ್ಟರೂ ಸೇರಿ, ನಾಲ್ವರೂ ಬಂದರುಕಟ್ಟೆಯಲ್ಲಿದ್ದರು. ಲಾಂಚ್ ಬಂತು. ಹಗ್ಗ ಬಿಗಿದರು, ಹಲಗೆ ಹಾಕಿದರು. ಒಬ್ಬ ಎಂಜಿನಿಯರು ಇಳಿದ, ಇಬ್ಬರು ಕೂಲಿಯವರು ಇಳಿದರು, ಖಾಲಿ ಗ್ಯಾಸ್ ಸಿಲಿಂಡರುಗಳು ಒಂದರ ಹಿಂದೊಂದು ಇಳಿದವು. ಪೂರ್ಣವಿರಾಮ ಪ್ರತಿ ಸಿಲಿಂಡರಿನ ಹಿಂದೆಯೂ ಇಣುಕಿ ನೋಡಿದ.

“ಇಲ್ಲಿ ಪೂರ್ಣವಿರಾಮ ಅಂದ್ರೆ ಯಾರ್ರೀ?” ಲಾಂಚಿನವನು ಕೂಗಿದ. “ಹೊರಡೋ ಹೊತ್ತಿಗೆ ಬರಿಗಾಲಲ್ಲಿ ಓಡಿ ಬಂದು ಕೊಟ್ರು. ಒದ್ದೆ ಆಗ್ಬಾರ್ದು ಅಂತ ಮೂರು ಸಲ ಹೇಳಿದ್ರು. ಎಂಜಿನ್ ಹತ್ರ ನನ್ನ ಊಟದ ಡಬ್ಬಿಯಲ್ಲಿಟ್ಟು ತಂದಿದೀನಿ.”

ಅದೊಂದು ದಪ್ಪ ಲಕೋಟೆ. ಪೂರ್ಣವಿರಾಮ ಅಲ್ಲೇ ಒಡೆದ. ಮೊದಲ ಸಾಲಿನಲ್ಲೇ ಹೀಗಿತ್ತು: ‘ರೀ, ಬೆಳಿಗ್ಗೆ ಹೇಳಿದೆನಲ್ಲ, ಇವತ್ತಿನ ಲಾಂಚಿಗೆ ನಾನು ಬರೆದು ಕಳಿಸುತ್ತೇನೆ ಎಂದು...’

ಬರ್ದು.

ಮೇಷ್ಟ್ರಿಗೂ ಟೈಲರಮ್ಮನಿಗೂ ಹೊಳೆಯದಿದ್ದರೆ ತಪ್ಪಿಲ್ಲ. ಇಪ್ಪತ್ತೆರಡು ವರ್ಷ ಅಕ್ಷರಗಳ ನಡುವೆಯೇ ಬದುಕಿದ ತನಗೆ, ಬರುವುದನ್ನು ಬಿಟ್ಟು ಬರೆಯುವುದೂ ಒಂದು ಕ್ರಿಯಾಪದವೆಂದು ನೆನಪಾಗಲಿಲ್ಲವಲ್ಲ ಎಂದು ಅವನು ಕಟ್ಟೆಯ ಕಲ್ಲಿನ ಮೇಲೆ ಕುಳಿತುಬಿಟ್ಟ.

“ಓದಯ್ಯ, ಜೋರಾಗಿ ಓದು” ಎಂದರು ಮೇಷ್ಟ್ರು. ಅವನು ಓದಿದ. ಕೆನ್ನೆಯ ಗೀರು ಗಾಳಿಗೆ ಹಾರಿದ ತಗಡು ತಾಗಿ ಆದದ್ದಂತೆ. ಈಗ ಮಾಸುತ್ತಿದೆಯಂತೆ. ಎರಡನೆಯ ಪುಟಕ್ಕೆ ಬಂದಾಗ ಅವನು ಜೋರಾಗಿ ಓದುವುದನ್ನು ಬಿಟ್ಟು ಕಾಗದವನ್ನು ಮುಖದ ಹತ್ತಿರ ತಂದುಕೊಂಡ. ಮೇಷ್ಟ್ರು ತಟ್ಟನೆ ಸಮುದ್ರದ ಕಡೆ ತಿರುಗಿ ಅಲೆಗಳನ್ನು ಎಣಿಸತೊಡಗಿದರು. ಟೈಲರಮ್ಮ ಡಾಕ್ಟರನ್ನು ತೋಳು ಹಿಡಿದು ದೂರಕ್ಕೆ ಕರೆದುಕೊಂಡು ಹೋಗಿ, ಅವರ ಅಂಗಿಯ ಗುಂಡಿ ಸಡಿಲವಾಗಿದೆ ಎಂದು ಬಹಳ ಹೊತ್ತು ಹೇಳಿದಳು. ಅವನು ಒಬ್ಬನೇ ಎರಡು, ಮೂರು, ನಾಲ್ಕನೆಯ ಪುಟ ಓದಿದ. ಎರಡೆರಡು ಸಲ ಓದಿದ.

ಕೊನೆಯಲ್ಲಿ ಅವಳು ಬರೆದಿದ್ದಳು: ‘ಮುಂದಿನ ಲಾಂಚಿಗೆ ನಾನು ಊರಿಗೆ ಬರುವ ವಿಷಯ ಒಂದಿದೆ. ಅದನ್ನು ಕಾಗದದಲ್ಲಿ ಹೇಳುವುದಿಲ್ಲ. ನಿಮ್ಮ ಮುಖ ನೋಡಿಕೊಂಡೇ ಹೇಳಬೇಕು. ಬರುವ ಶನಿವಾರ ಹೇಳುತ್ತೇನೆ. ಅರ್ಧ ನಿಮಿಷ ಸಿಕ್ಕರೆ ಸಾಕು.’

ನಾಲ್ವರೂ ಮನೆಗೆ ಬಂದರು. ಟೈಲರಮ್ಮ ಅನ್ನಕ್ಕಿಟ್ಟಳು. “ಶನಿವಾರದ ಚಿಂತೆ ಬಿಡಿ ಸಾರ್, ಈಗ ಗುಣವಾಗಿದೆ. ನೋಡಿ ಬೇಕಾದ್ರೆ” ಎಂದು ಡಾಕ್ಟರು ಲ್ಯಾಪ್‌ಟಾಪ್ ತೆರೆದು ವೈರ್‌ಲೆಸ್ ಆನ್ ಮಾಡಿದರು. ಬಾಣ ಒಂದು ಇಂಚು ಸರಿಯಿತು. ಇನ್ನೊಂದು ಇಂಚು ಸರಿಯಿತು. ನಿಂತಿತು.

ಡಾಕ್ಟರು ಗುಂಡಿ ಒತ್ತಿ ಎಬ್ಬಿಸಿದರು, ಮತ್ತೆ ಆನ್ ಮಾಡಿದರು, ಈ ಸಲ ಕೈಗಡಿಯಾರ ನೋಡುತ್ತಾ. ಬಾಣ ನಿಂತಿತು. ಅವರು ಮೆಲ್ಲಗೆ ಹೇಳಿದರು: “ಹದಿನೆಂಟು ಸೆಕೆಂಡು ಸಾರ್.”

ಒಲೆಯ ಮೇಲೆ ಅನ್ನ ಉಕ್ಕಿತು. ಟೈಲರಮ್ಮ ಒಲೆ ಸಣ್ಣ ಮಾಡಿ ಬಂದು, ಪೂರ್ಣವಿರಾಮನ ಭುಜ ಮುಟ್ಟಿ ಹೇಳಿದಳು:

“ಅತ್ತಿಗೆ ಸ್ವಲ್ಪ ಬೇಗ ಬೇಗನೇ ಮಾತಾಡ್ತಾರಲ್ಲ ಅಣ್ಣ.”