ಸಂಪಿಗೆಕೊಪ್ಪದ ಫ್ರೆಂಚ್ ಕೋಟೆಮನೆ: ಇತಿಹಾಸ ಮತ್ತು ಸಂರಕ್ಷಣೆ

ಹೊಸನಗರ ತಾಲ್ಲೂಕಿನ ಸಂಪಿಗೆಕೊಪ್ಪ ಪ್ರೌಢಶಾಲೆಯ ಮೈದಾನದಲ್ಲಿರುವ ಫ್ರೆಂಚ್ ಕೋಟೆಮನೆಯು ಕ್ರಿ.ಶ. ೧೩೪೭ಕ್ಕೆ ಸೇರಿದ್ದು. ಅದನ್ನು ಕಳೆದ ಡಿಸೆಂಬರಿನಲ್ಲಿ ಬೆಳ್ಳಪ್ಪ ಎಂಬವರು ಹನ್ನೊಂದು ದಿನಗಳಲ್ಲಿ ಕಟ್ಟಿದರು.

ಕಟ್ಟಿದ್ದು ಊರಿನ ಹವ್ಯಾಸಿ ತಂಡದ ನಾಟಕಕ್ಕೆ. ಹೆಗ್ಗೋಡಿಗೆ ಹೋಗಿ ನಾಟಕ ನೋಡಿಬರುವ ಊರಾದ್ದರಿಂದ ಪರದೇಶದ ಕಥೆ ಅಲ್ಲಿ ಯಾರಿಗೂ ಹೊಸತಲ್ಲ. ಬಿದಿರಿನ ಚೌಕಟ್ಟು, ಅದಕ್ಕೆ ಸಿಮೆಂಟಿನ ಖಾಲಿ ಚೀಲ, ಚೀಲದ ಮೇಲೆ ಕೆಮ್ಮಣ್ಣು, ಸುಣ್ಣ, ಮಸಿ. ಎರಡು ಬುರುಜು. ಪ್ರೇಕ್ಷಕರಿಗೆ ಗೊಂದಲವಾಗದಿರಲೆಂದು ಬಾಗಿಲ ಪಕ್ಕ ಒಂದು ಹಲಗೆ: 'ಸ್ಥಳ: ಫ್ರಾನ್ಸ್. ಶ್ರೀಮಂತನೊಬ್ಬನ ಕೋಟೆಮನೆ. ಕಾಲ: ಕ್ರಿ.ಶ. ೧೩೪೭.'

ನಾಟಕದ ಮರುದಿನ ಪುರಾತನ ಕಟ್ಟಡಗಳ ಗಣತಿಯವರು ಬಂದರು. ಹಲಗೆಯಲ್ಲಿದ್ದುದನ್ನು ಮೊಬೈಲಿಗೆ ತುಂಬಿಸಿಕೊಂಡು, ಗಣತಿಗೆ ಇಷ್ಟು ಸಹಕಾರ ಬೇರೆ ಯಾವ ಊರಿನಲ್ಲೂ ಸಿಕ್ಕಿರಲಿಲ್ಲವೆಂದು ಹೇಳಿ ಹೋದರು. ವಾರದೊಳಗೆ ಮೈದಾನಕ್ಕೆ ತಂತಿಬೇಲಿ ಬಂತು.

ಆ ಮೈದಾನ ದೈಹಿಕ ಶಿಕ್ಷಕಿ ಮಹಾಲಕ್ಷ್ಮೀ ಟೀಚರಿಗೆ ಬೇಕಿತ್ತು. ಅವರ ಹುಡುಗಿಯರ ಖೋ ಖೋ ತಂಡ ಮೂರು ತಾಲ್ಲೂಕುಗಳ ಪಂದ್ಯಾವಳಿಯ ಫೈನಲ್ ತಲುಪಿತ್ತು. ಆಟ ತೀರ್ಥಹಳ್ಳಿಯಲ್ಲಿ, ಉಳಿದದ್ದು ಇಪ್ಪತ್ತು ದಿನ. ಹುಡುಗಿಯರು ಶಾಲೆಯ ಜಗುಲಿಯಲ್ಲೇ ಓಡಿ, ತಿರುವಿನಲ್ಲಿ ಗೋಡೆಗೆ ಬಡಿದುಕೊಳ್ಳುತ್ತಿದ್ದರು. ನಾಯಕಿ ಸಿಂಚನಾಳ ಹಣೆಯಲ್ಲಿ ಆಗಲೇ ಎರಡು ಬುಗುಟೆ.

ಟೀಚರ್ ಬೆಳ್ಳಪ್ಪನವರನ್ನು ಕರೆದುಕೊಂಡು ಪುರಾತನ ಕಟ್ಟಡಗಳ ಉಪಕಚೇರಿಗೆ ಹೋದರು. ಅಧೀಕ್ಷಕ ರವಿಶಂಕರ ಸೌಜನ್ಯದ ಮನುಷ್ಯ. ಇಬ್ಬರಿಗೂ ಕುರ್ಚಿ ತರಿಸಿದರು.

"ಸಾರ್, ಅದು ನಾಟಕದ ಸೆಟ್ಟು. ಕಟ್ಟಿದ್ದು ಈ ಬೆಳ್ಳಪ್ಪನವರು."

"ಕಟ್ಟಿದವರ ಹೆಸರು ಗೊತ್ತಿರೋ ಮಧ್ಯಯುಗದ ಕಟ್ಟಡ ಬಹಳ ಅಪರೂಪ ಮೇಡಂ."

"ಬರೀ ಹೆಸರಲ್ಲ ಸಾರ್. ಇಲ್ಲೇ ಕೂತಿದಾರಲ್ಲ!"

"ಹಾಗಾದ್ರೆ ಇನ್ನೂ ಅಪರೂಪ," ಎಂದು ರವಿಶಂಕರ ಎದ್ದು ನಿಂತು ಬೆಳ್ಳಪ್ಪನವರ ಕೈ ಕುಲುಕಿದರು.

"ಎರಡು ತಾಸು ಬಿಡಿ ಸಾರ್, ಬಿಚ್ಚಿ ಹಾಕ್ತೀನಿ," ಎಂದರು ಬೆಳ್ಳಪ್ಪ. "ಬಿದಿರು ಕನ್ನಮ್ಮನ ಚಪ್ಪರದ್ದು. ಎದುರಿಗೆ ಸಿಕ್ಕಿದಾಗೆಲ್ಲ ಉಗೀತಾಳೆ."

"ಕನ್ನಮ್ಮನವರ ಪೂರ್ತಿ ಹೆಸರು ಹೇಳಿ. ದಾನಿಗಳ ಫಲಕಕ್ಕೆ ಬೇಕಾಗುತ್ತೆ."

ಮರುವಾರ ತಜ್ಞರು ಬಂದು ಒಳಗೋಡೆಯಲ್ಲಿ, ಮಣ್ಣು ಉದುರಿದ ಸಿಮೆಂಟು ಚೀಲದ ಮೇಲೆ, ಶಾಸನವೊಂದನ್ನು ಪತ್ತೆಹಚ್ಚಿದರು. 'ಕೊಕ್ಕೆ ಬಳಸಬೇಡಿ' ಎಂದು ಇಂಗ್ಲಿಷಿನಲ್ಲಿತ್ತು. ಆ ಕಾಲಕ್ಕೆ ಫ್ರಾನ್ಸಿನಲ್ಲಿ ಇಂಗ್ಲಿಷರ ದಂಡು ಬೀಡುಬಿಟ್ಟಿದ್ದುದಕ್ಕೆ ಇದು ಪ್ರಬಲ ಸಾಕ್ಷ್ಯವೆಂದು ವರದಿಯಾಯಿತು. ಮೂಲ ನಿರ್ಮಾಪಕರ ಇಚ್ಛೆಯನ್ನು ಗೌರವಿಸಿ, ಶಾಲೆಯ ಮುಂದಿನ ರಸ್ತೆಯಲ್ಲಿ ಕೊಕ್ಕೆ ಒಯ್ಯುವುದನ್ನು ನಿಷೇಧಿಸಲಾಯಿತು. ಹಲಸಿನಕಾಯಿ ಕೊಯ್ಯುವವರು ಕೆರೆ ಏರಿಯ ಮೇಲೆ ಸುತ್ತು ಹಾಕಿ ಹೋಗತೊಡಗಿದರು.

ಟೀಚರ್ ನಿಯಮಾವಳಿಯನ್ನು ತರಿಸಿ ಓದಿದರು. ನಿಯಮ ಏಳು: 'ಕಟ್ಟಡದ ಕಾಲದಲ್ಲಿ ಅದರ ಅಂಗಳದಲ್ಲಿ ನಡೆಯುತ್ತಿದ್ದ ಚಟುವಟಿಕೆಗಳನ್ನು ಮಾತ್ರ ಮುಂದುವರಿಸತಕ್ಕದ್ದು.' ಅಷ್ಟರಲ್ಲಿ ಕೋಟೆಮನೆಯ ಇತಿಹಾಸವನ್ನು ಒಂದು ಪುಟಕ್ಕೆ ಮೀರದಂತೆ ಬರೆದು ಕಳಿಸಲು ಶಾಲೆಗೆ ಪತ್ರ ಬಂತು. ಮೈದಾನವಿಲ್ಲದ್ದರಿಂದ ಮಹಾಲಕ್ಷ್ಮೀ ಟೀಚರಿಗೆ ಪುರುಸೊತ್ತಿದೆಯೆಂದು ಮುಖ್ಯೋಪಾಧ್ಯಾಯರು ಅದನ್ನು ಅವರಿಗೇ ವಹಿಸಿದರು.

ಹತ್ತೊಂಬತ್ತು ವರ್ಷಗಳಲ್ಲಿ ಟೀಚರ್ ಒಂದು ಸುಳ್ಳು ಹಾಜರಿಯನ್ನೂ ಹಾಕಿದವರಲ್ಲ. ಎರಡು ದಿನ ಖಾಲಿ ಹಾಳೆಯ ಮುಂದೆ ಕೂತರು. ಮೂರನೆಯ ದಿನ ಸಿಂಚನಾ ಮೂರನೆಯ ಬುಗುಟೆಯೊಂದಿಗೆ ಬಂದು ನಿಂತಳು.

"ಟೀಚರ್, ಇನ್ನೊಂದಕ್ಕೆ ಜಾಗ ಇಲ್ಲ."

ಟೀಚರ್ ಬರೆದರು: 'ಕೋಟೆಮನೆಯ ಅಂಗಳದಲ್ಲಿ ಎಂಟು ಹೆಣ್ಣುಮಕ್ಕಳು ಸಾಲಾಗಿ, ಒಬ್ಬಳು ಅತ್ತ ಒಬ್ಬಳು ಇತ್ತ ಮುಖಮಾಡಿ ಕೂರುವರು. ಒಂಬತ್ತನೆಯವಳು ಬೆನ್ನು ಮುಟ್ಟಿ ಎಬ್ಬಿಸುವಳು. ಇದು ೧೩೪೭ರಿಂದ ನಡೆದುಬಂದಿದೆ.' ಇಸವಿಯೊಂದನ್ನು ಬಿಟ್ಟರೆ ಎಲ್ಲವೂ ನಿಜವಾಗಿತ್ತು.

ಮೂರೇ ದಿನಕ್ಕೆ ಆದೇಶ ಹೊರಟಿತು. ಸದರಿ ಆಚರಣೆಯನ್ನು ಸಂರಕ್ಷಿತವೆಂದು ಘೋಷಿಸಿ, ಬೆಳಿಗ್ಗೆ ಸಂಜೆ ತಪ್ಪದೆ ನಡೆಸಲು ಸೂಚಿಸಲಾಗಿತ್ತು. ಹುಡುಗಿಯರು ಬೇಲಿಯೊಳಗೆ ಕುಣಿದಾಡಿದರು. ಆದೇಶದ ಎರಡನೆಯ ಪುಟ ಓದಿದ್ದು ಟೀಚರ್ ಒಬ್ಬರೇ: 'ಸಂರಕ್ಷಿತ ಆಚರಣೆಯನ್ನು ಆವರಣದಿಂದ ಹೊರಗೆ ಒಯ್ಯುವಂತಿಲ್ಲ.'

ಅಂದರೆ ತೀರ್ಥಹಳ್ಳಿಗೆ ಹೋಗುವಂತಿಲ್ಲ. ಟೀಚರ್ ಕೂಗಾಡಲಿಲ್ಲ. ಫೈನಲನ್ನು ಇಲ್ಲಿಗೇ ತರಬೇಕೆಂದು ಒಂದು ಸಾಲಿನ ಅರ್ಜಿ ಕೊಟ್ಟರು. ಪಂದ್ಯ ಮೂರು ತಾಲ್ಲೂಕುಗಳ ಒಳಗೇ ನಡೆಯಬೇಕು, ಫ್ರಾನ್ಸ್ ಅದರಲ್ಲಿಲ್ಲ ಎಂದು ಸಂಘಟಕರು ತಕರಾರೆತ್ತಿದರು. ರವಿಶಂಕರ ಅಂದೇ ದೃಢೀಕರಣ ಪತ್ರ ಕೊಟ್ಟರು: 'ಈ ಫ್ರಾನ್ಸ್ ಹೊಸನಗರ ತಾಲ್ಲೂಕಿಗೆ ಸೇರಿರುತ್ತದೆ.' ತಕರಾರು ಮುಗಿಯಿತು.

ತೀರ್ಥಹಳ್ಳಿಯ ತಂಡ ಬೆಳಗಿನ ಬಸ್ಸಿಗೆ ಬಂತು, ಎರಡು ಅಂಕಗಳಿಂದ ಸೋತಿತು, ಮೂರು ಗಂಟೆಯ ಬಸ್ಸಿಗೆ ವಾಪಸಾಯಿತು. ಮರುದಿನ ಅವರ ಶಾಲೆಯ ಪ್ರಾರ್ಥನೆಯಲ್ಲಿ, ನಮ್ಮ ಮಕ್ಕಳು ಫ್ರಾನ್ಸಿನಲ್ಲಿ ಆಡಿ ಬಂದಿದ್ದಾರೆಂದು ಪ್ರಕಟಿಸಿ, ಒಬ್ಬೊಬ್ಬರಿಗೂ ಹಾರ ಹಾಕಲಾಯಿತು. ಗೆದ್ದವರು ಊರಲ್ಲೇ ಆಡಿದವರಾದ್ದರಿಂದ ಅವರಿಗೆ ಹಾರದ ಪ್ರಶ್ನೆ ಬರಲಿಲ್ಲ.

ಫ್ರಾನ್ಸಿನಲ್ಲಿ ಸೋಲಲು ಮುಂದಿನ ವರ್ಷಕ್ಕೆ ಸಾಗರದ ಹನ್ನೊಂದು ಶಾಲೆಗಳು ಈಗಾಗಲೇ ಅರ್ಜಿ ಹಾಕಿವೆ. ಮಹಾಲಕ್ಷ್ಮೀ ಟೀಚರ್ ಎಲ್ಲರಿಗೂ ದಿನಾಂಕ ಕೊಟ್ಟಿದ್ದಾರೆ. ಪಾಸ್‌ಪೋರ್ಟ್ ಅಳತೆಯ ಎರಡು ಫೋಟೊ ತರಲು ತಿಳಿಸಿದ್ದಾರೆ.