ಕರು ಕುಡಿದ ಮೇಲಿನ ಚೀಸು

ನಚಿಕೇತನ ಚೀಸ್ ಅಂಗಡಿಗೆ ಅಡ್ಡ ನಿಂತದ್ದು ಒಂದು ಕರು. ಅದೂ ಅವನು ಕಣ್ಣಾರೆ ಕಂಡಿರದ ಹಾಲೆಂಡಿನ ಕರು.

ಜಯನಗರದಲ್ಲಿ ಸೀತಮ್ಮನವರ ಮನೆಯ ಕೆಳಗಿನ ಮಳಿಗೆಯನ್ನು ಅವನು ಬಾಡಿಗೆಗೆ ಹಿಡಿದಿದ್ದ. ಸಂಜೆ ಓಪನಿಂಗು. ನೆಂಟರು, ಗೆಳೆಯರು, ಎಲ್ಲರಿಗೂ ಹೇಳಿಯಾಗಿತ್ತು. ಬೆಳಿಗ್ಗೆ ಚೀಸಿನ ಡಬ್ಬಗಳು ಬಂದು ಫುಟ್‌ಪಾತಿನ ಮೇಲೆ ಕೂತವು. ಬೀಗದ ಕೈ ಕೇಳಲು ಮೇಲೆ ಹೋದರೆ, ಸೀತಮ್ಮ ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂತಿದ್ದರು.

"ನಚಿಕೇತ, ಈ ಚೀಸಿನ ಹಾಲು ಕರು ಕುಡಿದ್ಮೇಲೆ ಕರೆದದ್ದೋ, ಮುಂಚೇನೇ ಕರೆದದ್ದೋ?"

"ಅಜ್ಜಿ, ಹಸಿರು ಚುಕ್ಕೆ ಇದೆ. ಪಕ್ಕಾ ವೆಜ್."

"ಚುಕ್ಕೆ ಯಾರಪ್ಪ ಕೇಳಿದ್ದು? ಕರು ಕುಡೀತಾ?"

ಸೀತಮ್ಮನವರ ಮನೆಯಲ್ಲಿ ಇದು ಕಟ್ಟುನಿಟ್ಟು. ಕರುವಿನ ಪಾಲು ಮೊದಲು, ಉಳಿದದ್ದು ಮನುಷ್ಯರಿಗೆ. ಸಾರಕ್ಕಿಯಿಂದ ಹಾಲು ತರುವ ಗುರುಸಿದ್ದನನ್ನು ದಿನಾ ಕೇಳಿಯೇ ಪಾತ್ರೆ ಒಡ್ಡುತ್ತಿದ್ದರು. "ಹೊಟ್ಟೆ ತುಂಬಾ ಕುಡೀತು ಅಜ್ಜಿ" ಎಂದು ಅವನು ಹೇಳಿದ ಮೇಲೆಯೇ ಕಾಫಿ.

ಪಕ್ಕದ ಮನೆಯ ಚನ್ನಬಸವಯ್ಯ ಕರೆಯದೇ ಬಂದರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಬೀದಿಯವರ ತಾಪತ್ರಯಗಳಲ್ಲಿ ಪೂರ್ಣಾವಧಿ ಕೆಲಸಕ್ಕೆ ಸೇರಿದ್ದವರು ಅವರು.

"ಕರೆಕ್ಟೇ ಅಲ್ವೇನಪ್ಪ? ನಮ್ಮ ಗುರುಸಿದ್ದಂಗೊಂದು ರೂಲು, ಫಾರಿನ್‌ನೋರಿಗೊಂದು ರೂಲಾ? ಸ್ಟ್ಯಾಂಡರ್ಡ್ ಅಂದ್ಮೇಲೆ ಎಲ್ಲಾರ್ಗೂ ಒಂದೇ."

"ಅಂಕಲ್, ಬಿಸಿಲು ಏರ್ತಿದೆ, ಚೀಸು ಕರಗುತ್ತೆ!"

"ಕರಗ್ಲಿ ಬಿಡು. ನ್ಯಾಯ ಅಂದ್ರೆ ನ್ಯಾಯ."

ನಚಿಕೇತ ಹೆದರುವ ಪೈಕಿಯಲ್ಲ. ಚೀಸು ಕಳಿಸಿದ್ದ ಹಾಲೆಂಡಿನ ರೈತ ಪೀಟರನಿಗೆ ವಿಡಿಯೊ ಕಾಲ್ ಮಾಡಿದ. ಅಲ್ಲಿ ಆಗಷ್ಟೇ ಬೆಳಗಾಗಿತ್ತು. ಪುಣ್ಯಾತ್ಮ ಪ್ರಶ್ನೆ ಕೇಳಿ ನಗಲಿಲ್ಲ. ಬೂಟು ಹಾಕಿಕೊಂಡು ಕೊಟ್ಟಿಗೆಗೆ ನಡೆದ. ಕಪ್ಪು ಬಿಳುಪಿನ ಕರುವೊಂದು ತಾಯಿಯ ಕೆಚ್ಚಲನ್ನು ಗುದ್ದಿ ಗುದ್ದಿ ಕುಡಿಯುತ್ತಿತ್ತು. ಅದು ಸಾಕೆನ್ನುವವರೆಗೆ ತಾನು ಕರೆಯುವುದೇ ಇಲ್ಲವೆಂದ. ನಚಿಕೇತ ಎದೆಯುಬ್ಬಿಸಿ ಅದನ್ನು ಕನ್ನಡದಲ್ಲಿ ಹೇಳಿದ.

"ಅಯ್ಯೋ ಕಂದ! ಬಾಯ್ತುಂಬ ನೊರೆ ನೋಡೋ!" ಸೀತಮ್ಮನವರ ಕಣ್ಣು ಒದ್ದೆಯಾಯಿತು.

ಸೆರಗಿನ ಗಂಟು ಬಿಚ್ಚುವುದರಲ್ಲಿದ್ದರು. ಅಷ್ಟರಲ್ಲಿ ಆಕೆಗೆ ಅಭಿಮಾನ ಉಕ್ಕಿತು.

"ಇರು, ಫೋನ್ ಇಡ್ಬೇಡ. ಗುರುಸಿದ್ದನ ಹಸು ಕೆಂಪೀನ, ಅದರ ಕರೂನ ಅವ್ನೂ ನೋಡ್ಲಿ. ನಾವೇನು ಕಮ್ಮಿನಾ?"

"ಅಜ್ಜಿ, ಮೊದ್ಲು ಬೀಗ ತೆಗೆದುಬಿಡಿ."

"ಸಾರಕ್ಕಿ ಏನು ಕಾಶಿನಾ? ಕಾರ್ ತೆಗಿ."

ಡಬ್ಬಗಳನ್ನೆಲ್ಲ ಕಾರಿಗೆ ತುಂಬಿ, ಎಸಿ ಜೋರು ಮಾಡಿದ್ದಾಯಿತು. ಜಾಗ ಸಾಲದೆ ಎರಡು ಡಬ್ಬ ಚನ್ನಬಸವಯ್ಯನವರ ತೊಡೆಯೇರಿದವು. ಸಾರಕ್ಕಿ ಸಿಗ್ನಲ್ಲಿನಲ್ಲಿ ಕಾರು ಕದಲಲೇ ಇಲ್ಲ. ಫೋನಿನಲ್ಲಿ ಪೀಟರ್ ತಿಂಡಿ ತಿಂದು ಮುಗಿಸಿದ. ಮಂಡಿನೋವು ಶುರುವಾದಾಗಿನಿಂದ ಸೀತಮ್ಮ ಆ ಕಡೆ ಹೋಗಿರಲಿಲ್ಲ. ಆದರೂ ದಾರಿ ಅವರೇ ತೋರಿಸಿದರು.

ಕೊಟ್ಟಿಗೆಯಲ್ಲಿ ಸಾಲಾಗಿ ಕಾರುಗಳು ನಿಂತಿದ್ದವು. ಮೂಲೆಯಲ್ಲಿ ಗುರುಸಿದ್ದ ಕತ್ತರಿ ಹಿಡಿದು, ಪ್ಯಾಕೆಟ್ ಹಾಲನ್ನು ಕ್ಯಾನಿಗೆ ಸುರಿಯುತ್ತಿದ್ದ.

"ಕೆಂಪಿ ಎಲ್ಲೋ?"

"ಮಾರಿ ಬಹಳ ವರ್ಷ ಆಯ್ತಜ್ಜಿ. ಪಾರ್ಕಿಂಗ್‌ಗೆ ಬಿಟ್ರೇನೇ ಗಿಟ್ಟೋದು." ಗುರುಸಿದ್ದ ತಲೆ ತಗ್ಗಿಸಿದ. "ನೀವು ದಿನಾ ಅಷ್ಟು ಅಕ್ಕರೆಯಿಂದ ಕೇಳ್ತಿದ್ರಿ. ಇಲ್ಲ ಅನ್ನೋಕೆ ಬಾಯೇ ಬರ್ಲಿಲ್ಲ."

"ವೇರ್ ಈಸ್ ದ ಕೌ?" ಎಂದ ಪೀಟರ್.

ಚನ್ನಬಸವಯ್ಯ ದೇಶದ ಮಾನ ಉಳಿಸಲು ಗಂಟಲು ಸರಿಮಾಡಿಕೊಂಡರು. "ಶಿ ಹ್ಯಾಸ್ ಗಾನ್ ಔಟ್."

ವಾಪಸ್ಸು ಬರುವಾಗ ಸೀತಮ್ಮ ಸೆರಗಿನ ಗಂಟನ್ನೇ ತಿರುವುತ್ತ ಕೂತರು. ಪಾಪ, ಇಷ್ಟು ವರ್ಷ ನಂಬಿ ಕುಡಿದ ಕಾಫಿ. ನಚಿಕೇತನಿಗೆ ಮಾತ್ರ ಒಳಗೊಳಗೇ ಖುಷಿ. ಇಡೀ ಬೀದಿಯಲ್ಲಿ ಪರೀಕ್ಷೆ ಪಾಸಾದದ್ದು ಅವನ ಚೀಸೊಂದೇ! ಇಳಿದ ಕೂಡಲೇ ಕೈ ಚಾಚಿದ.

"ನಿನ್ನ ಚೀಸು ಪಾಸು ಕಣೋ, ತಗೋ ಇವತ್ತಿಗೆ," ಎಂದು ಸೀತಮ್ಮ ಬೀಗದ ಕೈ ಕೊಟ್ಟರು. "ಆದ್ರೆ ನಿನ್ನ ಫೋನಿಂದ ನನ್ನ ಕಾಫಿ ಹೋಯ್ತಲ್ಲ? ಅಂಜನಾಪುರದ ಕಡೆ ಇನ್ನೂ ಹಸು ಸಾಕ್ತಾರಂತೆ, ನಾಳೆ ಬೆಳಿಗ್ಗೆ ಹೋಗು. ಕರು ಕುಡಿಯೋದನ್ನ ವಿಡಿಯೊ ಮಾಡು, ಆಮೇಲೆ ಕರೆಸಿ ಹಾಲು ತಾ. ದಿನಾ ಹಾಲು ಬಂದ್ಮೇಲೇನೇ ಬೀಗದ ಕೈ."

"ಅಜ್ಜಿ, ನಾನು ಚೀಸ್ ಮಾರೋನು!"

"ಹೇಗೂ ಹೋಗ್ತೀಯಲ್ಲ, ನಮ್ಮನೆಗೂ ಒಂದು ಲೀಟರ್ ಇರ್ಲಿ," ಎಂದರು ಚನ್ನಬಸವಯ್ಯ.

ಸುದ್ದಿ ಬೀದಿಯೆಲ್ಲ ಹಬ್ಬಿತು. ಸಂಜೆ ಹೊಸ ಅಂಗಿ ತೊಟ್ಟ ನಚಿಕೇತ ರಿಬ್ಬನ್ನಿನ ಪಕ್ಕ ನಿಂತು, ಯಾರ ಮನೆಗೆ ಅರ್ಧ ಲೀಟರು, ಯಾರ ಮನೆಗೆ ಒಂದು ಎಂದು ಬರೆದುಕೊಳ್ಳುತ್ತಿದ್ದ. ಚೀಸು ಎಷ್ಟೆಂದು ಒಬ್ಬರೂ ಕೇಳಲಿಲ್ಲ.