ಮಾವನ ಮನೆಗೆ ಚಳಿಗಾಲದ ಟೈರು

ಆ ಶನಿವಾರ ಮಧ್ಯಾಹ್ನದ ಊಟಕ್ಕೆ ತಿಯೋಫಿಲ್‌ನನ್ನು ಕರೆದವನು ಅವನು ಮದುವೆಯಾಗಬೇಕೆಂದಿದ್ದ ಓತಿಲಿಯಾಳ ಅಪ್ಪ ಗೆರಾಸಿಮ್. ಬೆಟ್ಟದ ಮೇಲಿನ ಬೋರ್ಕಾ ಹಳ್ಳಿಯ ಅರಣ್ಯ ಕಾವಲುಗಾರ. ಹಿಂದೆ ಎರಡು ಸಲ ಕರೆದಾಗಲೂ ತಿಯೋಫಿಲ್ ತಡವಾಗಿ ಹೋಗಿ, ತಣ್ಣಗಾದ ಸೂಪು ಕುಡಿದು, ಮದುವೆಯ ಮಾತೆತ್ತದೆ ವಾಪಸಾಗಿದ್ದ. ಈ ಸಲದ ಕರೆಗೆ ಒಂದು ಬಾಲ ಅಂಟಿಕೊಂಡಿತ್ತು.

"ಮೇಲೆ ಹಿಮ ಬೀಳ್ತಿದೆ. ಚಳಿಗಾಲದ ಟೈರು ಹಾಕ್ಕೊಂಡು ಬಾ," ಎಂದಿದ್ದ ಗೆರಾಸಿಮ್ ಫೋನಿನಲ್ಲಿ. "ನಾನು ಮೊದಲು ಟೈರು ನೋಡ್ತೀನಿ, ಆಮೇಲೆ ಮುಖ ನೋಡ್ತೀನಿ. ನವೆಂಬರಲ್ಲಿ ಹಿಮದ ಮೇಲೆ ಜಾರೋ ಬೇಸಿಗೆ ಟೈರಲ್ಲಿ ಓಡಾಡೋನಿಗೆ ನಾನು ಮೇಕೆ ಕೂಡ ಕೊಡಲ್ಲ."

ತಿಯೋಫಿಲ್ ಆ ಕ್ಷಣವೇ ದೋರುವಿಗೆ ಫೋನ್ ಮಾಡಿದ. ದೋರು ವ್ಯಾನಿನಲ್ಲೇ ಟೈರಿನ ಅಂಗಡಿ ಇಟ್ಟುಕೊಂಡು ಮನೆ ಬಾಗಿಲಿಗೆ ಬರುವವನು. ಮೊದಲ ಹಿಮದ ವಾರದಲ್ಲಿ ಅವನು ಸಿಗುವುದೆಂದರೆ ಮದುವೆ ತಿಂಗಳಲ್ಲಿ ಅಡುಗೆಯವನು ಸಿಕ್ಕ ಹಾಗೆ. ಕಳೆದ ವಸಂತದಲ್ಲೂ ಬೇಸಿಗೆ ಟೈರು ಹಾಕಿಸಲು ಅವನಿಗೇ ಫೋನ್ ಮಾಡಿದ್ದು ತಿಯೋಫಿಲ್‌ಗೆ ಚೆನ್ನಾಗಿ ನೆನಪಿತ್ತು.

ಶನಿವಾರ ಬೆಳಿಗ್ಗೆ ನೆಲಮಾಳಿಗೆಗೆ ಇಳಿದು ನೋಡಿದರೆ, ಎಲೆಕೋಸಿನ ಉಪ್ಪಿನಕಾಯಿಯ ಪೀಪಾಯಿಗಳ ಹಿಂದೆ ಅವನು ತೆಗೆದಿಟ್ಟಿದ್ದ ಟೈರುಗಳು ಮೂರೇ ಇದ್ದವು.

ನಾಲ್ಕನೆಯದು ಅಂಗಳದಲ್ಲಿ ಸಿಕ್ಕಿತು. ಅದು ಹಂಸವಾಗಿತ್ತು. ಮೈಗೆ ಬಿಳಿ ಬಣ್ಣ, ಕೊಕ್ಕಿಗೆ ಕೆಂಪು, ಬೆನ್ನ ಮೇಲೆ ಒಣಗಿದ ಸೇವಂತಿಗೆ. ಪಕ್ಕದಲ್ಲಿ ಅಗ್ಲಾಯಾ ಪೊರಕೆ ಹಿಡಿದು ನಿಂತಿದ್ದಳು. ನೆಲ ಅಂತಸ್ತಿನ ಈ ವಿಧವೆ, ಸತ್ತ ಗಂಡನ ಕರೆಂಟು ಗರಗಸದಿಂದ ಹಳೆ ಟೈರು ಕೊಯ್ದು ಹೂಕುಂಡದ ಹಂಸ ಮಾಡುವುದನ್ನು ಒಂದು ವ್ರತದಂತೆ ನಡೆಸಿಕೊಂಡು ಬಂದವಳು.

"ಆಂಟಿ, ಅದು ನನ್ನ ಟೈರು."

"ಇರಬಹುದಪ್ಪ. ಅನಾಥವಾಗಿ ಬಿದ್ದಿತ್ತು. ಈಗ ನೋಡು, ಹೇಗೆ ಮರ್ಯಾದಸ್ಥರ ಹಾಗೆ ಕೂತಿದೆ."

"ಈ ಬಾತುಕೋಳಿ ಕಟ್ಕೊಂಡು ನಾನು ಬೆಟ್ಟ ಹತ್ತಲಾ?"

ಬಾತುಕೋಳಿ ಎಂದದ್ದೇ ತಪ್ಪಾಯಿತು. ದೋರುವಿನ ವ್ಯಾನು ಅಂಗಳಕ್ಕೆ ಬಂದಾಗ ಅಗ್ಲಾಯಾ ಅದರ ಮುಂದೆ ಪೊರಕೆ ಅಡ್ಡ ಹಿಡಿದು, "ಕ್ಷಮೆ ಕೇಳೋ ತನಕ ಒಂದು ಬೋಲ್ಟೂ ಬಿಚ್ಚಕೂಡದು," ಎಂದು ನಿಂತುಬಿಟ್ಟಳು. ತಿಯೋಫಿಲ್ ಕ್ಷಮೆ ಕೇಳಿದ. ಸಾಲಲಿಲ್ಲ. ಹಂಸಕ್ಕೂ ಕೇಳಿದ. ಆಗಲೂ ಪೊರಕೆ ಇಳಿಯಲಿಲ್ಲ.

"ಇವತ್ತು ಬಿಚ್ಚೋ ಟೈರು ನಾಲ್ಕೂ ನಿಮಗೇ ಆಂಟಿ," ಎಂದ ಕೊನೆಗೆ. "ಒಂದು ಹಿಂಡೇ ಮಾಡ್ಕೊಳ್ಳಿ. ದಾರಿ ಬಿಡಿ ಸಾಕು."

"ಮಾತು ಅಂದ್ರೆ ಮಾತು?"

"ಮಾತು ಅಂದ್ರೆ ಮಾತು."

"ನಾನು ಸಾಕ್ಷಿ," ಎಂದಿತು ಮೇಲಿನಿಂದ ಒಂದು ದನಿ. ಕಟ್ಟಡದ ಉಸ್ತುವಾರಿ ನೋಡುವ ಪಂಫಿಲ್ ಬಾಲ್ಕನಿಯಲ್ಲಿ ಕಾಫಿ ಕುಡಿಯುತ್ತಿದ್ದ. ಯಾರ ಮನೆಯ ಜಗಳವನ್ನೂ ಅವನು ಸಕ್ಕರೆ ಹಾಕದೆ ಸವಿಯಬಲ್ಲ. "ನಾಲ್ಕನೇ ಟೈರಿಗೆ ಏನ್ಮಾಡ್ತೀಯ ತಿಯೋಫಿಲ್? ನಿನ್ನ ಅಳತೇದೇ ಒಂದು ನನ್ನ ಹತ್ರ ಇದೆ. ಹಳೇ ಕಾರಿಂದು."

"ಕೊಡಿ ಯಜಮಾನ್ರೆ, ಪುಣ್ಯ ಬರುತ್ತೆ."

"ಪುಣ್ಯ ಬೇಡ. ಆ ವಾಲ್ನಟ್ ಮರದ ಕೆಳಗೆ ನೀನು ಕಾರು ನಿಲ್ಲಿಸೋ ಜಾಗ ಬೇಕು."

ಅಂಗಳದಲ್ಲಿ ಆ ಜಾಗಕ್ಕಿರುವ ಬೆಲೆ ಮನೆಗಳಿಗಿಲ್ಲ. ಅದನ್ನು ಉಳಿಸಿಕೊಳ್ಳಲು ತಿಯೋಫಿಲ್ ಎಷ್ಟೋ ಮಳೆಯಲ್ಲಿ ಕಾರು ಬಿಟ್ಟು ನಡೆದೇ ಕೆಲಸಕ್ಕೆ ಹೋದದ್ದುಂಟು. ಆದರೆ ಈಗ ಅವನಿಗೆ ಓತಿಲಿಯಾ ಕಾಣುತ್ತಿದ್ದಳು, ಅವಳ ಹಿಂದೆ ಮೇಕೆಯ ಹಗ್ಗ ಹಿಡಿದ ಅವಳಪ್ಪ. "ತಗೊಳ್ಳಿ," ಎಂದ.

ದೋರು ಕಾರೆತ್ತಿ ಮೊದಲ ಚಕ್ರ ಬಿಚ್ಚಿ, ಕೆಸರು ಒರೆಸಿದ. ಒರೆಸಿದ ಕೈ ಅಲ್ಲೇ ನಿಂತಿತು.

"ಅಣ್ಣಾ, ಈ ಟೈರು—"

"ಮಾತು ಬೇಡ ದೋರು, ಹೊತ್ತಾಯ್ತು."

ಎರಡನೆಯ ಚಕ್ರಕ್ಕೆ ದೋರು ಮತ್ತೆ ಬಾಯಿ ತೆರೆದ. "ಇಲ್ಲ, ನಾನು ಏನು ಹೇಳ್ತಿದ್ದೆ ಅಂದ್ರೆ—"

"ಹೊಸ ಟೈರು ತಗೋ ಅಂತ ತಾನೆ? ನಿಮ್ಮ ಕಸುಬಿನೋರೆಲ್ಲ ಅದೇ ಹಾಡು. ಬೇಕಾಗಿಲ್ಲ. ಬಿಚ್ಚೋದು ಬಿಚ್ಚು, ಹಾಕೋದು ಹಾಕು."

ದೋರು ಭುಜ ಕುಣಿಸಿದ. ಕಸುಬು ಶುರು ಮಾಡಿದ ಮೊದಲ ವರ್ಷ ಅವನು ಗಿರಾಕಿಗಳ ಜೊತೆ ವಾದ ಮಾಡುತ್ತಿದ್ದ. ಈಗ ಎರಡು ಸಲ ಹೇಳುತ್ತಾನೆ, ಮೂರನೆಯ ಸಲ ಶಿಳ್ಳೆ ಹಾಕುತ್ತಾನೆ. ಅವನ ಶಿಳ್ಳೆ, ಗಾಳಿ ತುಂಬುವ ಯಂತ್ರದ ಅರಚಾಟ, ಅದರ ನಡುವೆ ಅಗ್ಲಾಯಾಳ ಗರಗಸ. ಅಂಗಳ ಒಂದು ಕೆಟ್ಟ ವಾದ್ಯಗೋಷ್ಠಿಯಂತಾಯಿತು. ರಿಮ್ಮಿನಿಂದ ಕಳಚಿದ ಟೈರನ್ನು ಆಕೆ ಬಿಸಿ ರೊಟ್ಟಿಯಂತೆ ಎತ್ತಿಕೊಂಡು ಹೋಗುತ್ತಿದ್ದಳು.

ಕೆಲಸ ಮುಗಿಯುವಷ್ಟರಲ್ಲಿ ಹಿಮ ಶುರುವಾಗಿ ನೆಲ ಬೆಳ್ಳಗಾಗಿತ್ತು. ತಿಯೋಫಿಲ್‌ಗೆ ಖುಷಿಯೇ ಆಯಿತು. ಬೀಳಲಿ, ಎಷ್ಟು ಬೀಳುತ್ತದೋ ಬೀಳಲಿ. ಕೋಟಿನ ಗುಂಡಿ ಹಾಕಿ, ಅತ್ತೆಗೆಂದು ತಂದ ಕೇಕಿನ ಡಬ್ಬಿಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಬೆಲ್ಟು ಕಟ್ಟಿ, ದಂಡಯಾತ್ರೆ ಹೊರಟ ಸೇನಾಪತಿಯಂತೆ ಕಾರು ಬಿಟ್ಟ.

ಅಂಗಳದಿಂದ ರಸ್ತೆಗೆ ಒಂದು ಸಣ್ಣ ಏರಿದೆ. ಕೈಗಾಡಿ ತಳ್ಳುವ ಮುದುಕಿಯರೂ ಅದನ್ನು ಏರು ಎಂದು ಕರೆಯುವುದಿಲ್ಲ. ಕಾರು ಅದರ ಅರ್ಧಕ್ಕೆ ಹೋಗಿ, ಯೋಚನೆ ಮಾಡಿ, ಹಿಂದಕ್ಕೆ ಜಾರಿತು. ತಿಯೋಫಿಲ್ ಹಲ್ಲು ಕಚ್ಚಿ ಮತ್ತೆ ಏರಿಸಿದ. ಈ ಸಲ ಅದು ಅಡ್ಡಡ್ಡ ತಿರುಗಿ, ಬಹಳ ವಿನಯದಿಂದ ಕೆಳಗಿಳಿದು, ಹೂವಿನ ಪಾತಿಯಲ್ಲಿ ಆ ಮೊದಲಿನ ಹಂಸದ ಮಗ್ಗುಲಿಗೆ ನಿಂತಿತು. ಕೇಕು ಡಬ್ಬಿಯೊಳಗೇ ಮಗುಚಿಕೊಂಡಿತು.

"ಇದೇನೋ ದೋರು?"

ದೋರು ಸಾಮಾನು ಕಟ್ಟುತ್ತಿದ್ದ. "ಅದನ್ನೇ ಹೇಳೋಕೆ ಹೊರಟಿದ್ದು ಅಣ್ಣಾ. ಬಿಚ್ಚಿದ್ದೇ ಚಳಿಗಾಲದ್ದು. ಈಗ ಹಾಕಿರೋದು ಬೇಸಿಗೇದು, ಯಜಮಾನ್ರದ್ದೂ ಸೇರಿ."

"ವಸಂತದಲ್ಲಿ ನಿನ್ನ ಕೈಲೇ ಬದಲಾಯಿಸಿದ್ದೆನಲ್ಲ?"

"ಫೋನ್ ಮಾಡಿದ್ರಿ, ನಾನು ಬಂದೆ. ನೀವು ಈಸ್ಟರ್ ಹಬ್ಬದ ವೈನು ಕುಡಿದು ಮಲಗಿದ್ರಿ. ಬಾಗಿಲು ಬಡಿದು ಬಡಿದು ವಾಪಸ್ ಹೋದೆ."

ಅಂದರೆ ವರ್ಷವಿಡೀ ಅವನು ಚಳಿಗಾಲದ ಟೈರಿನಲ್ಲೇ ಓಡಾಡಿದ್ದ. ಇವತ್ತು ಏನನ್ನೂ ಮುಟ್ಟದೆ ಹೊರಟಿದ್ದರೆ ಈ ಹೊತ್ತಿಗೆ ಅರ್ಧ ಬೆಟ್ಟ. ಆದರೂ ತಿಯೋಫಿಲ್ ಸೋಲುವವನಲ್ಲ. "ಸರಿ, ಆಯ್ತು. ಅವನ್ನೇ ವಾಪಸ್ ಹಾಕು," ಎಂದು ಗೋಡೆಯ ಕಡೆ ತಿರುಗಿದ.

ಗೋಡೆಯ ಬುಡದಲ್ಲಿ ನಾಲ್ಕು ಹಂಸಗಳು ಕತ್ತೆತ್ತಿ ಅವನನ್ನೇ ನೋಡುತ್ತಿದ್ದವು. ಮೂರಕ್ಕೆ ಆಗಲೇ ಕೆಂಪು ಕೊಕ್ಕು. ಅಗ್ಲಾಯಾ ನಾಲ್ಕನೆಯದಕ್ಕೆ ಬಳಿಯುತ್ತಿದ್ದಳು.

"ಮಾತು ಅಂದ್ರೆ ಮಾತು," ಎಂದಳು, ಕುಂಚ ಎತ್ತದೆ.

"ನಾನು ಸಾಕ್ಷಿ," ಎಂದ ಪಂಫಿಲ್. ಅವನ ಕಾರು ಆಗಲೇ ವಾಲ್ನಟ್ ಮರದ ಕೆಳಗಿತ್ತು.

ಫೋನು ಹೊಡೆದುಕೊಂಡಿತು. ಗೆರಾಸಿಮ್.

"ಹೊರಟ್ಯಾ? ಟೈರು ಹಾಕಿಸಿದ್ಯಾ?"

"ಹಾಕಿಸಿದೆ ಸಾರ್. ದಾರೀಲಿ ಹಿಮ ಜಾಸ್ತಿ, ಸ್ವಲ್ಪ ತಡ ಆಗಬಹುದು."

"ತಡ ಆದ್ರೆ ಆಗಲಿ, ಇವತ್ತು ಕಾಯ್ತೀನಿ. ಆದ್ರೆ ನಿನ್ನ ಮಾತು ನಂಬಲ್ಲ. ಟೈರಿನ ಫೋಟೋ ಕಳಿಸು. ಚಳಿಗಾಲದ ಟೈರಿನ ಮೇಲೆ ಅಚ್ಚು ಹಾಕಿರೋ ಹಿಮದ ಗುರುತು ಕಾಣಬೇಕು."

ತಿಯೋಫಿಲ್ ಒಂದು ಕ್ಷಣವೂ ಅಳುಕಲಿಲ್ಲ. ಹಿಮದಲ್ಲಿ ಮಂಡಿಯೂರಿ, ಒಂದು ಹಂಸದ ಇನ್ನೂ ಬಿಳಿ ಬಣ್ಣ ಬಳಿಯದ ಪಕ್ಕೆಯ ಮೇಲೆ ಸ್ಪಷ್ಟವಾಗಿ ಕಾಣುತ್ತಿದ್ದ ಹಿಮದ ಗುರುತನ್ನು ಹುಡುಕಿ, ಆದಷ್ಟು ಹತ್ತಿರದಿಂದ ಫೋಟೋ ತೆಗೆದು ಕಳಿಸಿದ. ಮೊದಲು ಈ ಗಂಡಾಂತರ ಕಳೆಯಲಿ. ಹೇಗೆ ಹೋಗುವುದೆಂದು ಆಮೇಲೆ ನೋಡೋಣ.

ಉತ್ತರ ಬರಲು ಬಹಳ ಹೊತ್ತಾಗಲಿಲ್ಲ.

"ಟೈರು ಚೆನ್ನಾಗಿದೆ," ಎಂದು ಬರೆದಿದ್ದ ಗೆರಾಸಿಮ್. "ಅದಕ್ಕೆ ಕೊಕ್ಕು ಯಾಕೆ?"